ಕಥೆ ಕಟ್ಟುವ ಕ್ರಮ: ಶರಣಚರಿತೆಯಿಂದ ಮಕ್ಕಳ ಪಾಟಿಯವರೆಗೆ

ಕಥೆ ಹೇಳುವುದು ಮನುಷ್ಯನಿಗೆ ಸಹಜವಾದ ಶಕ್ತಿ; ಕಥೆ ಬರೆಯುವುದು ಕಲಿತು ಪಡೆಯಬೇಕಾದ ವಿದ್ಯೆ. ಇವೆರಡರ ನಡುವಿನ ಅಂತರವು ಪ್ರಾಥಮಿಕ ಶಾಲೆಯ ತರಗತಿಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣದು. ಸಂತೆಯಲ್ಲಿ ಹೋರಿಯೊಂದು ಹಗ್ಗ ಹರಿದುಕೊಂಡು ಓಡಿದ ಸಂಗತಿಯನ್ನು ಮನೆಯ ಕಟ್ಟೆಯ ಮೇಲೆ ಕುಳಿತು, ಕೈಬಾಯಿ ಆಡಿಸುತ್ತ, ಕೇಳುವವರು ಮೈಮರೆಯುವಂತೆ ಹೇಳುವ ಹುಡುಗನೇ ‘ಒಂದು ಕಥೆ ಬರೆ’ ಎಂದೊಡನೆ ವಹಿಯ ಮುಂದೆ ಮೂಕನಾಗುತ್ತಾನೆ. ಬರೆದರೂ ಕಂಠಪಾಠ ಮಾಡಿದ ಬಾಯಾರಿದ ಕಾಗೆಯ ಕಥೆಯನ್ನೇ ಬರೆಯುತ್ತಾನೆ. ಅವನಲ್ಲಿ ಕಥೆಯಿಲ್ಲವೆಂದು ಇದರ ಅರ್ಥವಲ್ಲ. ಇರುವ ಕಥೆಯನ್ನು ಎಲ್ಲಿಂದ ಹಿಡಿಯಬೇಕೆಂಬುದನ್ನು ಅವನಿಗೆ ಯಾರೂ ತೋರಿಸಿಲ್ಲ.

ಪರೀಕ್ಷೆಗಳಲ್ಲಿ ‘ಕೊಟ್ಟಿರುವ ಸೂಚನೆಗಳ ಸಹಾಯದಿಂದ ಕಥೆಯನ್ನು ಬರೆದು, ಸೂಕ್ತ ಶೀರ್ಷಿಕೆಯನ್ನೂ ನೀತಿಯನ್ನೂ ಕೊಡಿರಿ’ ಎಂಬ ಪ್ರಶ್ನೆ ಬಹುಕಾಲದಿಂದ ಬಂದಿದೆ. ಅದರಲ್ಲಿ ಕಥೆಯ ಯೋಜನೆಯನ್ನು ಪ್ರಶ್ನೆ ಕೇಳುವವರೇ ಮಾಡಿ ಮುಗಿಸಿರುತ್ತಾರೆ. ವಿದ್ಯಾರ್ಥಿಗೆ ಉಳಿಯುವುದು ಬಿಟ್ಟ ಸ್ಥಳಗಳಲ್ಲಿ ಕ್ರಿಯಾಪದ ತುಂಬುವ ಕೆಲಸ ಮಾತ್ರ. ಇದರಿಂದ ವಾಕ್ಯರಚನೆಯ ಅಭ್ಯಾಸವಾದೀತು. ಯಾವುದರಿಂದ ಯಾವುದು ಹುಟ್ಟಿತು, ಯಾರು ಏನನ್ನು ಆಯ್ದುಕೊಂಡರು ಎಂದು ವಿಚಾರಿಸುವ ಶಕ್ತಿ ಬೆಳೆಯಲಾರದು. ಆ ಶಕ್ತಿಯನ್ನು ಬೆಳೆಸುವ ಸರಳವಾದ ಕಟ್ಟುಗಳು ಎಂಥವು, ಅವುಗಳನ್ನು ಎಲ್ಲಿಂದ ಎತ್ತಿಕೊಳ್ಳಬೇಕು ಎಂಬುದೇ ಪ್ರಸ್ತುತ ಲೇಖನದ ವಿಷಯ.

ನೆಲದ ಸಂಪತ್ತು

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ನೆಲ ಕಥೆಗೆ ಬಡವಾದುದಲ್ಲ. ‘ಆನಂದಕಂದ’ರೆಂದು ಪ್ರಸಿದ್ಧರಾದ ಬೆಟಗೇರಿ ಕೃಷ್ಣಶರ್ಮರು (೧೯೦೦–೧೯೮೨) ಗೋಕಾಕ ಸೀಮೆಯ ಬೆಟಗೇರಿಯವರು. ಕಾದಂಬರಿಕಾರ ಬಸವರಾಜ ಕಟ್ಟೀಮನಿಯವರು ೧೯೧೯ರಲ್ಲಿ ಹುಟ್ಟಿದ್ದು ಮಲಾಮರಡಿಯಲ್ಲಿ. ೨೦೧೦ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದ ಚಂದ್ರಶೇಖರ ಕಂಬಾರರು ೧೯೩೭ರಲ್ಲಿ ಹುಟ್ಟಿದ್ದು ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ. ಗೋಕಾಕ ತಾಲೂಕಿನೊಳಗೇ ಇದ್ದು ಈಚಿನ ವರ್ಷಗಳಲ್ಲಿ ಪ್ರತ್ಯೇಕವಾದ ಮೂಡಲಗಿ ತಾಲೂಕಿಗೆ ಸೇರಿದ ಕುಲಗೋಡವು ಶ್ರೀಕೃಷ್ಣ ಪಾರಿಜಾತದ ಬಯಲಾಟವನ್ನು ಮನೆಮಾತಾಗಿಸಿದ ತಮ್ಮಣ್ಣನ ಊರು. ಕೌಜಲಗಿ ನಿಂಗಮ್ಮನ ಹೆಸರು ಆ ಆಟದೊಂದಿಗೆ ಬೆರೆತುಹೋಗಿದೆ. ಇವರೆಲ್ಲರೂ ಕಥೆಯ ಕಟ್ಟನ್ನು ಮೊದಲು ಪುಸ್ತಕದಿಂದ ಕಲಿತವರಲ್ಲ, ಕಿವಿಯಿಂದ ಕಲಿತವರು. ಆದುದರಿಂದ ಈ ಸೀಮೆಯ ಮಗುವಿಗೆ ಕಥೆಯ ಯೋಜನೆ ಕಲಿಸುವ ಅಧ್ಯಾಪಕನು ಮಾದರಿಗಳಿಗಾಗಿ ದೂರ ಹೋಗಬೇಕಾಗಿಲ್ಲ. ಮಗು ಈಗಾಗಲೇ ಕೇಳಿರುವ ಕಥೆಯನ್ನು ಬಿಚ್ಚಿ ತೋರಿಸಿ, ಅದೇ ಕಟ್ಟಿನಲ್ಲಿ ಅದರದೇ ಕಥೆಯನ್ನು ಕೂಡಿಸಲು ಹೇಳಿದರೆ ಸಾಕು.

ಗೋಕಾಕದ ಬಣ್ಣದ ಗೊಂಬೆಗಳನ್ನು ಮಾಡುವವರು ಮೊದಲು ಹಗುರವಾದ ಕಟ್ಟಿಗೆಯನ್ನು ಕೆತ್ತಿ ಆಕಾರ ತರುತ್ತಾರೆ. ಬಣ್ಣ ಬರುವುದು ಆಮೇಲೆ. ಮಕ್ಕಳ ನಿಬಂಧಗಳಲ್ಲಿ ಆಗುವುದು ಇದರ ವಿಪರ್ಯಾಸ. ‘ಸುಂದರವಾದ’, ‘ಮನೋಹರವಾದ’ ಎಂಬ ಬಣ್ಣ ಮೊದಲು ಬಂದುಬಿಡುತ್ತದೆ, ಕಟ್ಟಿಗೆಯೇ ಇರುವುದಿಲ್ಲ.

ಸಾರಥಿಯ ಪ್ರಶ್ನೆಗಳು

ಬಯಲಾಟದಲ್ಲಿ ವೇಷವೊಂದು ರಂಗಕ್ಕೆ ಬಂದೊಡನೆ ಸಾರಥಿಯು ಅದನ್ನು ತಡೆದು ವಿಚಾರಿಸುತ್ತಾನೆ: ತಾವು ಯಾರು, ಎಲ್ಲಿಂದ ಬಂದಿರಿ, ಬಂದ ಕಾರಣವೇನು? ಪ್ರೇಕ್ಷಕರಿಗೆ ಉತ್ತರ ಗೊತ್ತಿದ್ದರೂ ಈ ಪ್ರಶ್ನೆಗಳು ತಪ್ಪುವುದಿಲ್ಲ. ಕಥಾಯೋಜನೆಯ ಮೊದಲ ಪಾಠವೆಲ್ಲ ಇದರಲ್ಲಿಯೇ ಅಡಗಿದೆ. ಅಧ್ಯಾಪಕನು ತರಗತಿಯಲ್ಲಿ ಸಾರಥಿಯಾಗಬೇಕು. ಮಗುವೊಂದು ‘ಒಬ್ಬ ಕುರುಬರ ಹುಡುಗ’ ಎಂದು ಆರಂಭಿಸಿದರೆ, ಅವನಿಗೆ ಏನು ಬೇಕಾಗಿದೆ ಎಂದು ಕೇಳಬೇಕು. ‘ತಪ್ಪಿಸಿಕೊಂಡ ಕುರಿಮರಿ ಬೇಕು’ ಎಂದರೆ, ಅದು ಸಿಗದಂತೆ ಅಡ್ಡ ಬಂದುದು ಯಾವುದು ಎಂದು ಕೇಳಬೇಕು. ಅಡ್ಡಿಗೆ ಅವನು ಏನು ಮಾಡಿದನೆಂದು ಮುಂದುವರಿಸಬೇಕು. ಯಾರು, ಏನು ಬೇಕು, ಏನು ಅಡ್ಡಿ, ಏನು ಮಾಡಿದರು, ಏನಾಯಿತು ಎಂಬ ಐದು ಉತ್ತರಗಳು ಪಾಟಿಯ ಮೇಲೆ ಐದು ಸಾಲುಗಳಾದರೆ ಯೋಜನೆ ಸಿದ್ಧವಾದಂತೆ.

ಭರತಮುನಿಯ ನಾಟ್ಯಶಾಸ್ತ್ರವು ಕಾರ್ಯದ ಐದು ಅವಸ್ಥೆಗಳನ್ನು ಹೇಳುತ್ತದೆ: ಆರಂಭ, ಪ್ರಯತ್ನ, ಪ್ರಾಪ್ತ್ಯಾಶಾ, ನಿಯತಾಪ್ತಿ, ಫಲಾಗಮ. ಗ್ರೀಸಿನ ಅರಿಸ್ಟಾಟಲನು ಆದಿ, ಮಧ್ಯ, ಅಂತ್ಯಗಳೆಂದು ಮೂರನ್ನು ಹೇಳಿದನು. ರಷ್ಯದ ವಿದ್ವಾಂಸ ವ್ಲಾದಿಮಿರ್ ಪ್ರಾಪನು ೧೯೨೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತನ್ನ ನಾಡಿನ ಅದ್ಭುತ ಕಥೆಗಳನ್ನು ಬಿಡಿಸಿ ೩೧ ಕ್ರಿಯಾಘಟಕಗಳನ್ನು ಎಣಿಸಿದನು. ಸಂಖ್ಯೆ ಮೂರಾಗಲಿ, ಐದಾಗಲಿ, ಮೂವತ್ತೊಂದಾಗಲಿ, ತತ್ತ್ವದಲ್ಲಿ ಭೇದವಿಲ್ಲ: ಕಥೆಯೆಂದರೆ ಘಟನೆಗಳ ಪಟ್ಟಿಯಲ್ಲ, ಒಂದರಿಂದ ಒಂದು ಹುಟ್ಟುವ ಘಟನೆಗಳ ಸಂಬಂಧ. ಶಾಸ್ತ್ರದ ಈ ಹೆಸರುಗಳು ಅಧ್ಯಾಪಕನಿಗೆ ಬೇಕು. ಎಳೆಯ ವಿದ್ಯಾರ್ಥಿಗೆ ಕಥೆಗಳೇ ಸಾಕು. ಅಂಥ ನಾಲ್ಕು ಕಟ್ಟುಗಳನ್ನು ಮುಂದೆ ವಿವರಿಸಿದೆ.

ನಿತ್ಯದಲ್ಲಿ ಒಂದು ದಿನ

ಮೊದಲನೆಯ ಕಟ್ಟಿಗೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಪ್ರಸಂಗವೇ ಉತ್ತಮ ನಿದರ್ಶನ. ಮಾರಯ್ಯನು ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದನು; ಅದರಿಂದ ದಾಸೋಹ ನಡೆಯುತ್ತಿತ್ತು. ಇದು ನಿತ್ಯದ ಸ್ಥಿತಿ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂದಿತು. ಕಥೆ ಆರಂಭವಾಗುವುದು ಇಲ್ಲಿ. ಇದೇಕೆ ಹೆಚ್ಚಾಯಿತೆಂದು ಲಕ್ಕಮ್ಮ ಕೇಳಿದಳು. ಅಗತ್ಯಕ್ಕೆ ಮೀರಿದುದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದಳು. ಮಾರಯ್ಯನು ಮರಳಿ ನಡೆದನು.

ಇಲ್ಲಿ ಯುದ್ಧವಿಲ್ಲ, ರಾಕ್ಷಸನಿಲ್ಲ. ಕೆಲವು ಹಿಡಿ ಅಕ್ಕಿ ಮಾತ್ರ. ಆದರೂ ಕಥೆ ನಿಲ್ಲುತ್ತದೆ, ಏಕೆಂದರೆ ಆ ಹೆಚ್ಚಿನ ಅಕ್ಕಿಯು ಸತಿಪತಿಗಳ ಮುಂದೆ ಒಂದು ಆಯ್ಕೆಯನ್ನು ತಂದಿಟ್ಟಿತು. ಈ ಕಟ್ಟನ್ನು ಮಕ್ಕಳಿಗೆ ನಾಲ್ಕು ಪದಗಳಲ್ಲಿ ಕಲಿಸಬಹುದು: ‘ದಿನಾಲೂ’, ‘ಒಂದು ದಿನ’, ‘ಆದ್ದರಿಂದ’, ‘ಕೊನೆಗೆ’. ‘ದಿನಾಲೂ’ ಎಂಬುದನ್ನು ತುಂಬಲು ಮಗುವಿಗೆ ಕಷ್ಟವಾಗದು. ಅದು ಅದರದೇ ದಿನಚರಿ. ಹಾಲು ಹಾಕಲು ಡೇರಿಗೆ ಹೋಗುವ ಹುಡುಗಿಗೆ ಒಂದು ದಿನ ಲೆಕ್ಕಕ್ಕಿಂತ ಹತ್ತು ರೂಪಾಯಿ ಹೆಚ್ಚು ಬಂದರೆ? ಕಬ್ಬಿನ ಗಾಡಿಯ ಹಿಂದೆ ಓಡುವ ಹುಡುಗನಿಗೆ ಒಂದು ದಿನ ಗಾಡಿಯವನೇ ಕರೆದು ಕಬ್ಬು ಕೊಟ್ಟರೆ? ಬದಲಾವಣೆ ಸಣ್ಣದಿದ್ದಷ್ಟೂ ಮಗು ಅದನ್ನು ಚೆನ್ನಾಗಿ ನಿಭಾಯಿಸುತ್ತದೆ.

ಬಯಕೆ ಮತ್ತು ಅಡ್ಡಿ

ಎರಡನೆಯ ಕಟ್ಟನ್ನು ಕೋಳೂರು ಕೊಡಗೂಸಿನ ಕಥೆಯಿಂದ ತೋರಿಸಬಹುದು. ಕ್ರಿ. ಶ. ೧೨೦೦ರ ಸುಮಾರಿನಲ್ಲಿದ್ದ ಹಂಪೆಯ ಹರಿಹರನು ಇದನ್ನು ರಗಳೆಯಾಗಿ ಬರೆದನು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಹಾಡಾಗಿ ಉಳಿಸಿಕೊಂಡರು. ತಂದೆತಾಯಿಗಳು ಪರಸ್ಥಳಕ್ಕೆ ಹೋಗುವಾಗ ಶಿವನಿಗೆ ಹಾಲು ಒಪ್ಪಿಸುವ ಕೆಲಸ ಎಳೆಯ ಮಗಳ ಪಾಲಿಗೆ ಬರುತ್ತದೆ. ನೈವೇದ್ಯವೆಂದರೆ ದೇವರು ನಿಜವಾಗಿ ಕುಡಿಯುವುದೆಂದೇ ಅವಳು ತಿಳಿದಿದ್ದಾಳೆ. ಬಯಕೆ ಸ್ಪಷ್ಟ: ಶಿವನು ಹಾಲು ಕುಡಿಯಬೇಕು. ಅಡ್ಡಿಯೂ ಸ್ಪಷ್ಟ: ಶಿವನು ಕುಡಿಯುತ್ತಿಲ್ಲ. ಬೇಡುತ್ತಾಳೆ, ಅಳುತ್ತಾಳೆ, ಪ್ರಾಣವನ್ನೇ ಕೊಡಲು ಸಿದ್ಧಳಾಗುತ್ತಾಳೆ. ಶಿವನು ಕುಡಿಯುತ್ತಾನೆ.

ಸಾಮಾನ್ಯ ಕಥೆಗಾರನು ಇಲ್ಲಿಗೆ ಮುಗಿಸಿಬಿಡುತ್ತಿದ್ದನು. ಹರಿಹರನು ಮುಗಿಸಲಿಲ್ಲ. ತಂದೆ ಮರಳಿ ಬಂದು ಮಗಳ ಮಾತನ್ನು ನಂಬದಿದ್ದಾಗ ಎರಡನೆಯ, ಇನ್ನೂ ದೊಡ್ಡದಾದ ಅಡ್ಡಿ ಏಳುತ್ತದೆ. ಮೊದಲ ಸಲ ಹಾಲು ಪಣವಾಗಿತ್ತು. ಈಗ ಅವಳ ಸತ್ಯವೇ ಪಣ. ಶಿವನು ಅವಳನ್ನು ತನ್ನೊಳಗೆ ಸೇರಿಸಿಕೊಳ್ಳುವಲ್ಲಿ ಕಥೆ ತುದಿ ಮುಟ್ಟುತ್ತದೆ. ಒಂದು ಅಡ್ಡಿ ಕಳೆದೊಡನೆ ಕಥೆ ಮುಗಿಸದೆ, ಅದೇ ಜಯದಿಂದ ಹುಟ್ಟುವ ಹೊಸ ಅಡ್ಡಿಯನ್ನು ಹುಡುಕಬೇಕೆಂಬುದನ್ನು ದೊಡ್ಡ ತರಗತಿಯ ವಿದ್ಯಾರ್ಥಿಗಳಿಗೆ ಇಲ್ಲಿಂದ ಕಲಿಸಬಹುದು.

ಒಂದು ವಸ್ತು, ಹಲವು ಕೈ

ಮೂರನೆಯ ಕಟ್ಟಿಗೆ ಪಾರಿಜಾತವೇ ಪಾಠ. ನಾರದನು ದೇವಲೋಕದಿಂದ ಒಂದು ಹೂವನ್ನು ತಂದನು, ಕೃಷ್ಣನು ಅದನ್ನು ರುಕ್ಮಿಣಿಗೆ ಕೊಟ್ಟನು, ಸತ್ಯಭಾಮೆ ಮುನಿದಳು. ರಾತ್ರಿಯೆಲ್ಲ ನಡೆಯುವ ಆಟಕ್ಕೆ ಮೂಲ ಒಂದು ಹೂವು. ಹೂವು ಕೈಯಿಂದ ಕೈಗೆ ಹೋದಂತೆ ಹಿಡಿದವರ, ಹಿಡಿಯಲಾರದವರ ಮನಸ್ಸು ಬಯಲಾಗುತ್ತದೆ. ಕಿರಿಯರಿಗೆ ಒಂದು ವಸ್ತುವನ್ನು ಹೆಸರಿಸಿ ಕೊಡಬೇಕು: ಕರದಂಟಿನ ಪೊಟ್ಟಣ, ಛತ್ರಿ, ಹಳೆಯ ಸೈಕಲ್ಲು. ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಪ್ರತಿ ಕೈಯಲ್ಲಿ ಏನು ಬದಲಾಯಿತು ಎಂದು ಮೂರು ಮನೆಗಳ ಚಿತ್ರ ಬರೆದು ಗುರುತಿಸಲು ಹೇಳಬೇಕು. ಮನೆಗಳ ಸಂಖ್ಯೆ ಮೂರನ್ನು ಮೀರದಿರುವುದು ಲೇಸು. ಹೆಚ್ಚಾದರೆ ಮಗು ಮತ್ತೆ ಪಟ್ಟಿಗೆ ಇಳಿಯುತ್ತದೆ.

ಹೋಗಿ ಮರಳುವ ಕಥೆ

ಹರಿಹರನ ಹಲವು ರಗಳೆಗಳಲ್ಲಿ ನಾಲ್ಕನೆಯ ಕಟ್ಟು ಕಾಣುತ್ತದೆ. ಶಿವಗಣವೊಂದು ಕಾರಣಾಂತರದಿಂದ ಕೈಲಾಸವನ್ನು ಬಿಟ್ಟು ಭೂಮಿಗೆ ಬರುತ್ತದೆ. ಇಲ್ಲಿ ಭಕ್ತನಾಗಿ ಬಾಳಿ, ಪರೀಕ್ಷೆಗೆ ಒಳಗಾಗಿ, ಗೆದ್ದು ಕೈಲಾಸಕ್ಕೆ ಮರಳುತ್ತದೆ. ಹೊರಟ ಸ್ಥಳಕ್ಕೇ ಬಂದು ಸೇರಿದರೂ ನಡುವೆ ಬಾಳಿದ ಬಾಳು ವ್ಯರ್ಥವಲ್ಲ. ಮಕ್ಕಳಿಗೆ ಇದನ್ನು ಮೂರು ಚುಕ್ಕೆಗಳಿಂದ ತೋರಿಸಬಹುದು: ಮನೆ, ಅಲ್ಲಿ, ಮತ್ತೆ ಮನೆ. ಜಾತ್ರೆಗೆ ಹೋಗಿ ಬಂದ ಕಥೆ, ಸೂಟಿಯಲ್ಲಿ ಸೋದರಮಾವನ ಊರಿಗೆ ಹೋಗಿ ಬಂದ ಕಥೆ, ತಾಯಿತಂದೆಗಳೊಡನೆ ದುಡಿಮೆಗಾಗಿ ಪರಸ್ಥಳಕ್ಕೆ ಹೋಗಿ ಬಂದ ಕಥೆ, ಎಲ್ಲಕ್ಕೂ ಇದೇ ಕಟ್ಟು. ಮರಳಿದಾಗ ಬದಲಾದುದು ಮನೆಯೋ, ಮರಳಿದವರೋ ಎಂಬ ಒಂದೇ ಪ್ರಶ್ನೆಯನ್ನು ಅಧ್ಯಾಪಕನು ಕೊನೆಗೆ ಕೇಳಬೇಕು.

ಮಹಾಪೂರದ ನಿದರ್ಶನ

ಯೋಜನೆಯಿಂದ ಆಗುವ ಲಾಭವು ಕಠಿಣವಾದ ವಿಷಯದಲ್ಲಿ ಹೆಚ್ಚು ಸ್ಪಷ್ಟವಾಗುತ್ತದೆ. ೨೦೧೯ರ ಆಗಸ್ಟ್ ತಿಂಗಳಿನಲ್ಲಿ ಘಟಪ್ರಭೆಗೆ ಮಹಾಪೂರ ಬಂದಿತು. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ ತುಂಬಿ ನೀರು ಹೊರಬಿಟ್ಟಾಗ ಗೋಕಾಕ ಪಟ್ಟಣಕ್ಕೂ ನದೀತೀರದ ಹಳ್ಳಿಗಳಿಗೂ ನೀರು ನುಗ್ಗಿತು. ಸಂಸಾರಗಳು ಮನೆ ಬಿಟ್ಟು ಆಶ್ರಯ ಕೇಂದ್ರಗಳಲ್ಲಿ ಉಳಿದವು. ಅದನ್ನು ಕಂಡ ಬಾಲಕನೊಬ್ಬ ಹೀಗೆ ಬರೆದನೆಂದು ಭಾವಿಸೋಣ: ‘ಮಳೆ ಬಂತು. ಹೊಳೆ ಬಂತು. ನಾವು ಸಾಲಿಗೆ ಹೋದೆವು. ಅಲ್ಲಿ ಊಟ ಕೊಟ್ಟರು. ನೀರು ಇಳಿಯಿತು. ಮನೆ ಬಿದ್ದಿತ್ತು.’

ಇದರಲ್ಲಿ ಸುಳ್ಳಿಲ್ಲ, ತಪ್ಪಿಲ್ಲ. ಆದರೆ ಎರಡು ವಾಕ್ಯಗಳ ನಡುವೆ ‘ಆಮೇಲೆ’ ಎಂಬ ಪದವನ್ನು ಮಾತ್ರ ಇಡಬಹುದು. ‘ಆದ್ದರಿಂದ’ ಅಥವಾ ‘ಆದರೆ’ ಎಂಬುದಕ್ಕೆ ಎಡೆಯಿಲ್ಲ. ಪಟ್ಟಿಯನ್ನೂ ಕಥೆಯನ್ನೂ ಬೇರ್ಪಡಿಸುವ ಸುಲಭವಾದ ಒರೆಗಲ್ಲು ಇದೇ. ಈಗ ಸಾರಥಿಯ ಪ್ರಶ್ನೆಗಳನ್ನು ಕೇಳಿದರೆ, ಹೊರಡಲು ಒಪ್ಪದವರು ಯಾರಾದರೂ ಇದ್ದರೇ ಎಂಬಲ್ಲಿ ಬಾಲಕನಿಗೆ ಅಜ್ಜಿ ನೆನಪಾದಾಳು. ಆಗ ಪಾಟಿಯ ಮೇಲೆ ಈ ಐದು ಸಾಲುಗಳು ಮೂಡುತ್ತವೆ:

ಯಾರು: ಅಜ್ಜಿ ಮತ್ತು ಮೊಮ್ಮಗ.
ಏನು ಬೇಕು: ಆಕಳ ಕರುವನ್ನು ಬಿಟ್ಟು ಅಜ್ಜಿ ಮನೆಯಿಂದ ಏಳಳು.
ಏನು ಅಡ್ಡಿ: ದೋಣಿಯಲ್ಲಿ ಕರುವಿಗೆ ಸ್ಥಳವಿಲ್ಲ, ನೀರು ಏರುತ್ತಿದೆ.
ಏನು ಮಾಡಿದರು: ಕರುವನ್ನು ಮಾಳಿಗೆಗೆ ಏರಿಸಿ ಅಜ್ಜಿ ಹಗ್ಗದಿಂದ ಕಟ್ಟಿದಳು, ಹೊರಡುವಾಗ ಮೊಮ್ಮಗನು ಯಾರಿಗೂ ಹೇಳದೆ ಆ ಗಂಟನ್ನು ಬಿಚ್ಚಿದನು.
ಏನಾಯಿತು: ನೀರಿಳಿದ ಮೇಲೆ ಇಬ್ಬರೂ ಮರಳಿ ಬಂದರು.

ಕರು ಸಿಕ್ಕಿತೋ ಇಲ್ಲವೋ ಎಂಬುದನ್ನು ಮಗುವೇ ನಿರ್ಧರಿಸಲಿ. ಕಥೆಯ ಜೀವವಿರುವುದು ಗಂಟು ಬಿಚ್ಚಿದ ಆ ಕೈಯಲ್ಲಿ. ಕಟ್ಟಿದ್ದರೆ ಮುಳುಗಬಹುದಾಗಿತ್ತು, ಬಿಚ್ಚಿದ್ದರಿಂದ ತೇಲಿಹೋಗಬಹುದು. ಈ ಭಾರವನ್ನು ಹೊತ್ತುಕೊಂಡು ಹುಡುಗನು ಅಜ್ಜಿಯ ಪಕ್ಕದಲ್ಲಿ ರಾತ್ರಿ ಕಳೆಯುತ್ತಾನೆ. ‘ಮನೆ ಬಿದ್ದಿತ್ತು’ ಎಂದು ಮಾತ್ರ ಬರೆಯಬಲ್ಲ ಮಗುವಿಗೆ, ತನ್ನ ಅಂಜಿಕೆಯನ್ನು ಇನ್ನೊಬ್ಬ ಹುಡುಗನ ಹೆಸರಿನಲ್ಲಿ ಹೇಳುವ ದಾರಿ ಇದರಿಂದ ದೊರೆಯುತ್ತದೆ. ಆದರೆ ಇಂಥ ವಿಷಯವನ್ನು ಬರೆಯಲೇಬೇಕೆಂದು ಯಾವ ಮಗುವನ್ನೂ ಒತ್ತಾಯಿಸಬಾರದು. ಅದು ಬೇರೆ ಕಥೆ ಬರೆಯುವೆನೆಂದರೆ ಬಿಡಬೇಕು.

ಅಧ್ಯಾಪಕರ ಎಚ್ಚರ

ಮೊದಲನೆಯದು ಭಾಷೆಯ ವಿಷಯ. ಯೋಜನೆಯ ಹಂತದಲ್ಲಿ ಮಗು ಮನೆಯ ಮಾತಿನಲ್ಲಿಯೇ ಯೋಚಿಸಲಿ. ‘ಕರಾ ಬಿಟ್ಟ ನಾ ಬರಂಗಿಲ್ಲ’ ಎಂದು ಅಜ್ಜಿ ಹೇಳಿದುದನ್ನು ಪಾಟಿಯ ಮೇಲೆ ಹಾಗೆಯೇ ಬರೆಯಲಿ. ಆ ಕ್ಷಣದಲ್ಲಿ ಅದನ್ನು ಗ್ರಾಂಥಿಕಕ್ಕೆ ತಿದ್ದಲು ಹೋದರೆ ಅಜ್ಜಿಯೇ ಮಾಯವಾಗುತ್ತಾಳೆ. ಮನೆಯಲ್ಲಿ ಮರಾಠಿ, ಉರ್ದು ಮಾತನಾಡುವ ಮಕ್ಕಳೂ ಈ ಗಡಿಸೀಮೆಯ ಕನ್ನಡ ಶಾಲೆಗಳಲ್ಲಿ ಕಲಿಯುತ್ತಾರೆ; ಅವರಿಗೂ ಇದೇ ಸ್ವಾತಂತ್ರ್ಯವಿರಬೇಕು. ಪ್ರತಿಯನ್ನು ಶುದ್ಧವಾಗಿ ಬರೆಯುವಾಗ ನಿರೂಪಣೆಯನ್ನು ತಿದ್ದಬಹುದು. ಪಾತ್ರಗಳ ಸಂಭಾಷಣೆಯನ್ನು ಉಳಿಸಬಹುದು.

ಎರಡನೆಯದು ನೀತಿಯ ವಿಷಯ. ‘ಈ ಕಥೆಯ ನೀತಿ’ಯನ್ನು ಮೊದಲೇ ಗೊತ್ತುಮಾಡಿ ಕಥೆ ಕಟ್ಟಿದರೆ ಪಾತ್ರಗಳು ಅದನ್ನು ಹೊರುವ ಕೂಲಿಗಳಾಗುತ್ತವೆ. ಲಕ್ಕಮ್ಮ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ್ದು ಕೇಳುಗರಿಗೆ ಪಾಠ ಹೇಳುವುದಕ್ಕಲ್ಲ. ಅವಳ ನಿಷ್ಠೆ ಹಾಗಿತ್ತು. ಪಾಠ ಆಮೇಲೆ ತಾನಾಗಿ ಬಂದಿತು.

ಮೂರನೆಯದು, ಯೋಜನೆಯು ಹೊಲದ ಬದುವಿನಂತಿರಬೇಕು; ನೀರನ್ನು ಹಿಡಿಯಬೇಕು, ಬೆಳೆಯನ್ನು ತಡೆಯಬಾರದು. ಬರೆಯುತ್ತಿರುವಾಗ ಕಥೆ ಬೇರೆ ದಾರಿ ಹಿಡಿದರೆ ಪಾಟಿಯ ಸಾಲನ್ನು ಅಳಿಸಿ ತಿದ್ದುವ ಅಧಿಕಾರ ವಿದ್ಯಾರ್ಥಿಗೆ ಇರಬೇಕು. ವಹಿಗಿಂತ ಮೊದಲು ಪಾಟಿಯನ್ನು ಬಳಸಬೇಕೆಂಬ ಸಲಹೆಗೆ ಇದೇ ಕಾರಣ: ಅದರ ಮೇಲೆ ಬರೆದುದು ಸುಲಭವಾಗಿ ಅಳಿಯುತ್ತದೆ.

ವಚನದಿಂದ ಕಥೆಗೆ

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದೇ ವಿದ್ಯೆಯ ಮೇಲಿನ ಮೆಟ್ಟಿಲು ಶೂನ್ಯಸಂಪಾದನೆಯಲ್ಲಿದೆ. ವಚನವು ಕಥೆ ಹೇಳುವುದಿಲ್ಲ. ಅದು ಒಂದು ಕ್ಷಣದ ನುಡಿ. ಆ ನುಡಿಯನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಆಡಿದರು ಎಂಬ ಪ್ರಶ್ನೆಗೆ ಉತ್ತರವಾಗಿ ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯರು ಬಿಡಿ ವಚನಗಳನ್ನು ಸಂವಾದವಾಗಿ ಪೋಣಿಸಿದರು. ಒಬ್ಬರು ಪ್ರಶ್ನಿಸುತ್ತಾರೆ, ಇನ್ನೊಬ್ಬರು ಉತ್ತರಿಸುತ್ತಾರೆ. ಉತ್ತರದಿಂದಲೇ ಮುಂದಿನ ಪ್ರಶ್ನೆ ಹುಟ್ಟುತ್ತದೆ. ಅಲ್ಲಮಪ್ರಭುವಿನ ಎದುರು ಒಬ್ಬೊಬ್ಬ ಶರಣರೂ ಬಂದು ನಿಲ್ಲುವ ಆ ಪ್ರಸಂಗಗಳಲ್ಲಿ ‘ಆದ್ದರಿಂದ’, ‘ಆದರೆ’ಗಳ ಸೂತ್ರವು ಸೂಕ್ಷ್ಮವಾಗಿ ಕೆಲಸ ಮಾಡುತ್ತಿದೆ. ಮಹಾವಿದ್ಯಾಲಯದ ವಿದ್ಯಾರ್ಥಿಗೆ ಒಂದು ವಚನವನ್ನು ಕೊಟ್ಟು, ಅದನ್ನು ನುಡಿಯುವ ಮುನ್ನ ಏನು ನಡೆದಿರಬೇಕು, ನುಡಿದ ಮೇಲೆ ಏನು ನಡೆಯಬಹುದು ಎಂದು ಒಂದು ಪುಟದ ಯೋಜನೆ ಬರೆಯಲು ಹೇಳಬಹುದು. ಅದು ಆ ವಿದ್ಯಾರ್ಥಿಯ ಕಲ್ಪನೆಯೇ ಹೊರತು ಶರಣರ ಚರಿತ್ರೆಯಲ್ಲವೆಂಬುದನ್ನು ಮಾತ್ರ ತಪ್ಪದೆ ತಿಳಿಸಬೇಕು. ಕಥೆಯನ್ನು ಕಟ್ಟಿ ನೋಡಿದವನು ವಚನವನ್ನು ಹೆಚ್ಚು ಎಚ್ಚರದಿಂದ ಓದುತ್ತಾನೆ.

ಹೇಳದ ಕಥೆ

೧೯೫೦ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ನರು ಕನ್ನಡದ ಅನೇಕ ಜನಪದ ಕಥೆಗಳನ್ನು ಸಂಗ್ರಹಿಸಿದರು. ಅವುಗಳಲ್ಲೊಂದು, ಒಂದು ಕಥೆ ಮತ್ತು ಒಂದು ಹಾಡು ಗೊತ್ತಿದ್ದೂ ಯಾರಿಗೂ ಹೇಳದ ಹೆಂಗಸಿನದು. ಒಳಗೆ ಉಸಿರುಕಟ್ಟಿದ ಕಥೆಯೂ ಹಾಡೂ ಅವಳು ಮಲಗಿದ್ದಾಗ ಬಾಯಿಯಿಂದ ಹೊರಬಿದ್ದು, ಒಂದು ಜೋಡಿಯಾಗಿ ಹೊಸ್ತಿಲಲ್ಲಿ ಕುಳಿತಿತು, ಇನ್ನೊಂದು ಅಂಗಿಯಾಗಿ ಗೂಟಕ್ಕೆ ತೂಗಿತು. ಗಂಡನು ಬಂದು ಇವು ಯಾರವೆಂದು ಕೇಳಿದರೆ ಅವಳಿಗೆ ತಿಳಿಯದು. ಮನೆಯಲ್ಲಿ ಜಗಳ ಹುಟ್ಟಿತು. ಮುನಿದು ಗುಡಿಯಲ್ಲಿ ಮಲಗಿದ ಗಂಡನಿಗೆ ನಿಜಸಂಗತಿ ತಿಳಿದುದು ಊರಿನ ದೀಪಗಳ ಮಾತಿನಿಂದ. ಅವನು ಬಂದು ಆ ಕಥೆ, ಹಾಡುಗಳ ವಿಷಯ ಕೇಳುವ ವೇಳೆಗೆ ಅವಳು ಎರಡನ್ನೂ ಮರೆತಿದ್ದಳು.

ತರಗತಿಯ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತ ಮಗುವಿನ ಸ್ಥಿತಿ ಇದಕ್ಕಿಂತ ಭಿನ್ನವಲ್ಲ. ಹೇಳಲು ಬಾರದ ಕಥೆ ಮೊದಲು ಮುನಿಸಾಗಿ, ಅಂಜಿಕೆಯಾಗಿ ಹೊರಬೀಳುತ್ತದೆ, ಕಡೆಗೆ ಮರೆತುಹೋಗುತ್ತದೆ. ಅದಕ್ಕೆ ಮೊದಲೇ ಯಾರು, ಏನು ಬೇಕು, ಏನು ಅಡ್ಡಿ ಎಂದು ಕೇಳಿ, ಉತ್ತರಕ್ಕಾಗಿ ಸಹನೆಯಿಂದ ಕಾಯುವ ಅಧ್ಯಾಪಕನೊಬ್ಬನು ಪ್ರತಿ ಶಾಲೆಯಲ್ಲಿಯೂ ಇರಬೇಕು. ಅದಕ್ಕೆ ಬೇಕಾದ ಸಾಮಗ್ರಿ ಒಂದು ಪಾಟಿ, ಒಂದು ಬಳಪ, ವಾರಕ್ಕೊಂದು ತಾಸು, ಇಷ್ಟು ಮಾತ್ರ.